ಕಿವಿ ಬಿಟ್ಟ ಫ್ಯಾನು, ಕಣ್ಣು ಬಿಟ್ಟ ಎಲೆಯಡಿಕೆ

ನಮ್ಮ ಕಿರುಚಿತ್ರದ ಮೊದಲ ದಿನದ ಶೂಟಿಂಗ್ ಮುಗಿಸಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆವು. ಅಜ್ಜಿಯ ಮಾತಿಗಿಂತ ಫ್ಯಾನಿನ ಮಾತೇ ಜಾಸ್ತಿ ಇತ್ತು.

ನಾವು ಐದು ಜನ, ಡಿಗ್ರಿ ಕೊನೆ ವರ್ಷ. ತೀರ್ಥಹಳ್ಳಿ ಕಡೆ ಗೆಳೆಯನ ಅಜ್ಜಿಯ ಹೆಂಚಿನ ಮನೆ, ಎರಡು ಮೊಬೈಲು, ಒಂದು ಟ್ರೈಪಾಡು, ಎರಡು ಥರ್ಮೋಕೋಲ್ ಶೀಟು. ಹಾಳಾದ ರೇಡಿಯೋ ಗುಜರಿಗೆ ಹಾಕಲು ಒಪ್ಪದ ಅಜ್ಜಿ, ಹಾಕಲೇಬೇಕು ಎನ್ನುವ ಮೊಮ್ಮಗ. ಏಳು ನಿಮಿಷದ ಕಥೆ. ಕಥೆ ಬರೆಯುವುದು ಹೇಗೆ ಅಂತ ನಾನು ಹೇಳಹೋಗುವುದಿಲ್ಲ, ಅದಕ್ಕೆ ಬೇಕಾದಷ್ಟು ಪುಸ್ತಕ ಇವೆ. ನಮ್ಮನ್ನು ಕೆಡವಿದ್ದು ಬೇರೆಯೇ. ಮನೆಯೊಳಗೆ ಹತ್ತು ನಿಮಿಷ ಕೂತರೆ ಫ್ಯಾನಿನ ಸದ್ದು ನಮಗೆ ಕೇಳುವುದೇ ನಿಂತುಹೋಗುತ್ತದೆ. ಬೇಡದ್ದನ್ನು ಮೆದುಳು ಸೋಸಿಬಿಡುತ್ತದೆ. ಮೈಕಿಗೆ, ಕ್ಯಾಮೆರಾಕ್ಕೆ ಆ ಜರಡಿ ಇಲ್ಲ.

ಮೊದಲು ಸದ್ದಿನ ವಿಷಯ. ನಮ್ಮ ಮೊಬೈಲು ಅಜ್ಜಿಯಿಂದ ಎಂಟು ಅಡಿ ದೂರ ಇತ್ತು, ಅದರ ಮೈಕನ್ನೇ ನಂಬಿದ್ದೆವು. ಲೆಕ್ಕ ಸುಲಭ: ಮೈಕಿನ ದೂರ ಅರ್ಧ ಮಾಡಿದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಎಂಟರಿಂದ ನಾಲ್ಕು, ಎರಡು, ಒಂದು, ಅರ್ಧ ಅಡಿ. ನಾಲ್ಕು ಸಲ ಅರ್ಧ ಮಾಡಿದರೆ 24 ಡೆಸಿಬೆಲ್. ಮೈಕು ಬಾಯಿಗೆ ಹತ್ತಿರ ಬಂದರೂ ಗೋಡೆಯ ಮಾರ್ದನಿ ಇದ್ದಷ್ಟೇ ಇರುತ್ತದೆ, ಮಾತು ಮಾತ್ರ ಎದ್ದು ಬರುತ್ತದೆ. ಹಾಗಾಗಿ ಮರುದಿನ ಕಾಲರ್ ಮೈಕನ್ನು ಎರಡನೇ ಮೊಬೈಲಿಗೆ ಸಿಕ್ಕಿಸಿದೆವು. ಮೊಬೈಲು ಅಜ್ಜಿಯ ಮಡಿಲಿಗೆ, ಮೈಕು ಸೆರಗಿನ ಅಂಚಿಗೆ. ಸೆರಗು ಉಜ್ಜಿದಾಗಲೆಲ್ಲ ಸರ್ ಸರ್ ಅಂತ ಬಂತು. ಮೈಕಿನ ಎರಡೂ ಬದಿ ಮೆಡಿಕಲ್ ಟೇಪು ಹಾಕಿ ಬಟ್ಟೆಗೇ ಅಂಟಿಸಿದ ಮೇಲೆ ಸರಿಹೋಯಿತು. ರೆಕಾರ್ಡಿಂಗಿನ ಸ್ಯಾಂಪಲ್ ರೇಟು, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು, 48 ಕಿಲೋಹರ್ಟ್ಸ್‌ನಲ್ಲಿ ಇಡಿ. ರೆಕಾರ್ಡಿಂಗಿನ ಮೀಟರಿನಲ್ಲಿ ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸು ಮುಟ್ಟಿದರೆ ಸಾಕು. ಸೊನ್ನೆ ದಾಟಿ ಒಡೆದ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ರಿಪೇರಿ ಮಾಡುವುದಿಲ್ಲ.

ಫ್ಯಾನು ಆರಿಸಿ. ಫ್ರಿಜ್ಜೂ ಆರಿಸಿ. ಆರಿಸಿದ ಕೂಡಲೇ ಬೈಕಿನ ಕೀಲಿ ಫ್ರಿಜ್ಜಿನ ಒಳಗಿಡಿ. ಇದು ತಮಾಷೆ ಅಲ್ಲ, ಹಳೆಯ ಸೌಂಡಿನವರ ಉಪಾಯ. ಕೀಲಿ ಬೇಕು ಅಂದಾಗ ಫ್ರಿಜ್ಜು ಹಾಕುವುದು ನೆನಪಾಗುತ್ತದೆ. ನಮಗೆ ಇದು ಗೊತ್ತಾಗುವ ಹೊತ್ತಿಗೆ ಅಜ್ಜಿಯ ಎರಡು ಲೀಟರ್ ಹಾಲು ಒಡೆದಿತ್ತು.

ಇನ್ನೊಂದು, ಎಲ್ಲರೂ ಸುಮ್ನೆ ನಿಂತು ಅದೇ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅಂತಾರೆ. ಎರಡು ಮಾತಿನ ನಡುವೆ ಕೆಮ್ಮು ಬಂದರೆ ಎಡಿಟಿಂಗಿನಲ್ಲಿ ಅದನ್ನು ಕತ್ತರಿಸುತ್ತೀರಿ ಅಲ್ವಾ, ಅಲ್ಲಿ ಪೂರ್ತಿ ನಿಶ್ಶಬ್ದ ಬಿಟ್ಟರೆ ಸ್ಪೀಕರ್ ಸತ್ತಂತೆ ಕೇಳುತ್ತದೆ. ಆ ತೂತಿಗೆ ಹಚ್ಚುವ ತೇಪೆ ಇದು. ಆ ಒಂದು ನಿಮಿಷ ಐದು ಜನ ನಗದೆ ನಿಲ್ಲಲು ನಮಗೆ ಆರು ಟೇಕ್ ಬೇಕಾಯಿತು.

ಪ್ರತಿ ಟೇಕಿನ ಶುರುವಿನಲ್ಲಿ ಸೀನ್ ನಂಬರ್ ಹೇಳಿ ಒಂದು ಚಪ್ಪಾಳೆ ಹೊಡೆಯಿರಿ. ಅಂಗೈ ಕೂಡುವ ಫ್ರೇಮು, ಸದ್ದಿನ ಅಲೆಯ ಮೊನೆ, ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ತುಟಿಗೂ ಮಾತಿಗೂ ಹೊಂದಿಕೆ. ಆದರೂ ಉದ್ದ ಟೇಕಿನ ಕೊನೆಗೆ ಜಾರಿದರೆ ಬೈಯಬೇಕಾದ್ದು ಮೊಬೈಲನ್ನು. ಎಷ್ಟೋ ಮೊಬೈಲುಗಳು ಫ್ರೇಮ್ ರೇಟನ್ನು ನಡುನಡುವೆ ಹಿಗ್ಗಿಸಿ ಕುಗ್ಗಿಸುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ರೇಟಿಗೆ ಬದಲಿಸಿ, ಆಮೇಲೆ ಎಡಿಟ್ ಮಾಡಿ.

ಈಗ ಬೆಳಕು. ರಾತ್ರಿ ಸೀನಿನಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೆವಳುತ್ತಿದ್ದವು. ಮೊಬೈಲು ಹಾಳಾಗಿದೆ ಅಂತ ಒಬ್ಬ ಅಳುವುದೊಂದು ಬಾಕಿ. ಕಾರಣ ಮನೆಯ ಕರೆಂಟು. ನಮ್ಮ ದೇಶದ್ದು 50 ಹರ್ಟ್ಸ್. ಹಳೇ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಇವೆಲ್ಲ ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಹಿಡಿಯುವ ಹೊತ್ತು, 1/50 ಸೆಕೆಂಡ್ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಣುಕು ಸಿಗುತ್ತದೆ, 1/100 ಇಟ್ಟರೆ ಒಂದು. 1/60 ಇಟ್ಟರೆ ಒಂದೂಚಿಲ್ಲರೆ. ಪಟ್ಟಿ ಹುಟ್ಟುವುದು ಆ ಚಿಲ್ಲರೆಯಿಂದ. ಆದ್ದರಿಂದ ಕ್ಯಾಮೆರಾದ ಸೆಟ್ಟಿಂಗು ನಾವೇ ಇಡುವ ಪ್ರೋ ಮೋಡಿಗೆ ಹೋಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಂತ ಕಟ್ಟಿಹಾಕಿ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಒಂದೇ ಮಾತಿನ ನಡುವೆ ಅಜ್ಜಿಯ ಮುಖ ಹಳದಿಯಿಂದ ನೀಲಿಗೆ ತಿರುಗುತ್ತದೆ.

ಹಗಲಿನ ಸೀನಿಗೆ ನಾವು ಕದ್ದದ್ದು ದೊಡ್ಡವರ ಐಡಿಯಾ. ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ಕ್ಯಾಮೆರಾಮನ್ ವಿ.ಕೆ. ಮೂರ್ತಿ, 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿಗೆ ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಸ್ಟುಡಿಯೋ ಒಳಗೆ ಕೋಲಿನ ಹಾಗೆ ಇಳಿಸಿದ್ದರು. ನಾವು ಬೀರುವಿನ ಕನ್ನಡಿ ಬಿಚ್ಚಿ ಅಂಗಳದಲ್ಲಿ ನಿಲ್ಲಿಸಿದೆವು. ಬೆಳಕು ಥರ್ಮೋಕೋಲಿಗೆ ಬಡಿದು ಅಜ್ಜಿಯ ಕೆನ್ನೆಗೆ ಮೆತ್ತಗೆ ಬಿತ್ತು. ಎರಡನೇ ಟೇಕಿಗೆ ಅದು ಥರ್ಮೋಕೋಲ್ ಬಿಟ್ಟು ಗೋಡೆ ಹತ್ತಿತ್ತು! ಸೂರ್ಯ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯಿಂದ ಹದಿನೈದು ಅಡಿ ದೂರದಲ್ಲಿ ಅದು ಮೂರು ಇಂಚು. ಕನ್ನಡಿಗೆ ಒಬ್ಬ ಕಾವಲುಗಾರ ಬೇಕೇ ಬೇಕು.

ಕಂಟಿನ್ಯುಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಎಲ್ಲವೂ ಹೊಂದಿರುವುದು, ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ: ಲೋಟ ಯಾವ ಕೈಯಲ್ಲಿತ್ತು, ಗಡಿಯಾರ ಎಷ್ಟು ತೋರಿಸಿತು. ಅವನ್ನೆಲ್ಲ ಫೋಟೋ ತೆಗೆದುಕೊಂಡಿದ್ದೆವು. ಬಾಯಿಯ ಫೋಟೋ ಮಾತ್ರ ತೆಗೆದಿರಲಿಲ್ಲ. ಜಗಳದ ಸೀನು ಅರ್ಧ ಬೆಳಿಗ್ಗೆ ಆಯಿತು, ಅರ್ಧ ಊಟದ ಮೇಲೆ. ನಡುವೆ ಅಜ್ಜಿ ಎಲೆಯಡಿಕೆ ಹಾಕಿದ್ದರು. ಎಡಿಟಿಂಗಿಗೆ ಕೂತಾಗ ನೋಡಿದರೆ, “ಈ ರೇಡಿಯೋ” ಅನ್ನುವಾಗ ತುಟಿ ಬೆಳ್ಳಗೆ, “ನಾನು ಕೊಡಲ್ಲ” ಅನ್ನುವಾಗ ಕೆಂಪಗೆ. ಇನ್ನೊಮ್ಮೆ ಶೂಟ್ ಮಾಡೋಣ ಅಂತ ಫೋನ್ ಮಾಡಿದರೆ, “ಎಂತಕ್ಕೆ ಮಾರಾಯ, ಊಟ ಆದ್ಮೇಲೆ ಎಲೆ ಹಾಕದೇ ಇರಕ್ಕಾಗ್ತದಾ?” ಅಂದರು.

ಕೊನೆಗೆ ನಮ್ಮನ್ನು ಉಳಿಸಿದ್ದು ಕನ್ನಡಿ ಕಾವಲಿಗೆ ನಿಂತವನು. ಬಿಡುವಿನಲ್ಲಿ ಬೇಜಾರಾಗಿ ಅಜ್ಜಿಯ ಕೈಯನ್ನು ಹನ್ನೆರಡು ಸೆಕೆಂಡ್ ಶೂಟ್ ಮಾಡಿಟ್ಟಿದ್ದ: ಅಡಕತ್ತರಿ, ಎಲೆಗೆ ಸುಣ್ಣ ಹಚ್ಚುವ ಬೆರಳು. ಅದನ್ನು ಎರಡು ಮಾತಿನ ನಡುವೆ ಇಟ್ಟೆವು, ಕೆಳಗೆ ಆ ಒಂದು ನಿಮಿಷದ ರೂಮ್ ಟೋನ್ ಹಾಸಿದೆವು. ಈಗ ಅಜ್ಜಿ ಮೊಮ್ಮಗನ ಮಾತಿಗೆ ತಕ್ಷಣ ಉತ್ತರ ಕೊಡುವುದಿಲ್ಲ. ಅಡಿಕೆ ಕತ್ತರಿಸುತ್ತಾರೆ, ಕಟಕ್ ಅನ್ನುತ್ತದೆ, ಎಲೆ ಮಡಚುತ್ತಾರೆ. ಆಮೇಲೆ ಕೆಂಪು ತುಟಿಯಲ್ಲಿ, “ನಾನು ಕೊಡಲ್ಲ.”