ಮಂಜೂರು ಅಂದರೆ ಹಣ ಬಂತು ಅಂತಲ್ಲ

ಶಿರಸಿ ರಸ್ತೆಯ ನಮ್ಮ ತಿರುವಿನಲ್ಲಿ ಮತ್ತೊಂದು ಫ್ಲೆಕ್ಸ್ ಎದ್ದಿದೆ. 'ರಸ್ತೆಗೆ ಎರಡು ಕೋಟಿ ಮಂಜೂರು, ಅಭಿನಂದನೆಗಳು.' ಬಸ್ಸಿಗೆ ನಿಂತವರ ಮಾತು ಕಿವಿಗೆ ಬಿತ್ತು: 'ಎರಡು ಕೋಟಿ ಬಂದಿದ್ಯಂತೆ, ಎಲ್ಲಿ ಹೋಯ್ತೋ ಏನೋ.' ಬಂದಿಲ್ಲ ಮಾರಾಯ್ರೆ. ಮಂಜೂರಾಗಿದೆ, ಅಷ್ಟೆ.

ಪದದ ಮೂಲ ನೋಡಿ. ಅರಬ್ಬಿಯ 'ಮನ್ಜೂರ್' ಅಂದರೆ ನೋಡಿದ್ದು, ನೋಡಿ ಒಪ್ಪಿದ್ದು. 'ನಜರು' ಹುಟ್ಟಿದ್ದೂ ಅದೇ ಧಾತುವಿನಿಂದ. ಕೋರ್ಟಿನ ನಾಜರ್ ಕೂಡ ಇದೇ ಮನೆಯವರು, ನೋಡಿಕೊಳ್ಳುವವರು ಅಂತ ಅರ್ಥ. ಪಾರಸಿ ಭಾಷೆಯ ಆಡಳಿತದ ಜೊತೆ ಇಲ್ಲಿಗೆ ಬಂದ ಪದ ಇದು. ಖರ್ಚು, ಬಾಕಿ, ಜಮಾ, ವಸೂಲಿ ಎಲ್ಲ ಅದೇ ದಾರಿಯವು. ಮರಾಠಿಯಲ್ಲೂ ಇದು 'ಮಂಜೂರ್'. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ಕಾರವಾರದ ಕಚೇರಿಗಳಲ್ಲಿ ಇದರ ಬೇರು ಗಟ್ಟಿಯಾಗಲು ಅದೂ ಕಾರಣ ಇರಬೇಕು. ಇಡೀ ಪದದಲ್ಲಿ ಇರುವುದು ನೋಟ. ದುಡ್ಡಿನ ಸುಳಿವೇ ಇಲ್ಲ.

ಕಾಮಗಾರಿಯ ಕಡತದಲ್ಲೂ ಹಾಗೇ. ಮೊದಲು ಆಡಳಿತಾತ್ಮಕ ಅನುಮೋದನೆ, ಆಮೇಲೆ ತಾಂತ್ರಿಕ ಮಂಜೂರಾತಿ. ಅಲ್ಲಿನ ಮೊತ್ತ ಬರೀ ಅಂದಾಜು. ಟೆಂಡರಿನಲ್ಲಿ ಗುತ್ತಿಗೆದಾರ ಬರೆಯುವ ದರ ಬೇರೆ. ಕೊನೆಗೆ ಬಿಲ್ ಆಗುವುದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆದಷ್ಟು ಕೆಲಸಕ್ಕೆ.

ನಮ್ಮ ಹಳ್ಳದ ಕಾಲುಸಂಕ ಮಂಜೂರಾಗಿ ಎರಡು ಮಳೆಗಾಲ ಕಳೆಯಿತು. ಈ ಸಲವೂ ಅಡಿಕೆ ದಬ್ಬೆ ಕಡಿದು ನಾವೇ ಸಂಕ ಹಾಕಿಕೊಂಡೆವು. ಶಾಲೆ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ದಾಟುತ್ತಾರೆ. ಟೆಂಡರೇ ಕರೆದಿಲ್ಲ, ಊರಲ್ಲಿ ಮಾತ್ರ 'ಸಂಕದ ದುಡ್ಡು ತಿಂದರು' ಅಂತ ಕೂಗು. ಹಾಗಂತ ಕಚೇರಿಗೆ ಹೋಗಿ ಬೈದರೆ 'ಹಣವೇ ಬಿಡುಗಡೆ ಆಗಿಲ್ಲ' ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅದು ನಿಜವೂ ಹೌದು ಅಲ್ವಾ? ಸುಮ್ನೆ ವಾಪಸ್ ಬರುತ್ತೇವೆ. ಎರಡು ವರ್ಷ ಟೆಂಡರ್ ಯಾಕೆ ಕರೆದಿಲ್ಲ ಅನ್ನೋ ಪ್ರಶ್ನೆ ನಮ್ಮ ಬಾಯಲ್ಲೇ ಉಳಿಯುತ್ತದೆ.

ಟೆಂಡರ್ ಯಾವಾಗ, ಕಾರ್ಯಾದೇಶ ಯಾರಿಗೆ, ಬಿಲ್ ಎಷ್ಟಾಯಿತು ಅಂತ ಕೇಳಿ. ಸರ್ಕಾರದ ಖರೀದಿ, ಗುತ್ತಿಗೆ ನಾಲ್ಕು ಜನರ ಕಣ್ಣೆದುರು ಆಗಲಿ ಅಂತಲೇ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಜಾಸ್ತಿ ಕೊಡುತ್ತದೆ. ಅದರಡಿ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳಬಹುದು. ಎಂ.ಬಿ. ಪ್ರತಿ ತೆಗೆಸಿ, ಟೇಪು ಹಿಡಿದು ರಸ್ತೆಗೆ ಇಳಿದರೆ ಅಲ್ಲಿ ಬರೆದಷ್ಟು ಅಗಲ ಇಲ್ಲಿ ಇದೆಯೋ ಇಲ್ಲವೋ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.