ಜೇಬಿಗೆ ಮಿಷಿನ್ ತಾಗಿಸಿ ದುಡ್ಡು ಎಳೆಯುತ್ತಾರಾ?

ಪ್ರಶ್ನೆ: ಬ್ಯಾಂಕಿನವರು ಟ್ಯಾಪ್ ಮಾಡುವ ಕಾರ್ಡ್ ಕೊಟ್ಟಿದ್ದಾರೆ. ರಶ್ಶಿನಲ್ಲಿ ಯಾರಾದರೂ ಜೇಬಿಗೆ ಸ್ವೈಪಿಂಗ್ ಮಿಷಿನ್ ತಾಗಿಸಿದರೆ ದುಡ್ಡು ಹೋಗುತ್ತದಂತೆ. ಹಾಗೆ ಹೋದರೆ ತುಂಬಿಕೊಡುವವರು ಯಾರು? ಅಂಗಡಿಯವರಾ, ಬ್ಯಾಂಕಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಮಡಿಕೇರಿ ದಸರಾ ಹತ್ತಿರ ಬಂದರೆ ಸಾಕು, ಅದೇ ಹಳೇ ವಿಡಿಯೊ ವಾಟ್ಸಾಪಿನಲ್ಲಿ ಮತ್ತೆ ಓಡಾಡುತ್ತದೆ. ದಶಮಂಟಪದ ಮೆರವಣಿಗೆ ನೋಡಲು ನಿಂತವರ ಹಿಂದೆ ಒಬ್ಬ ಮಿಷಿನ್ ಹಿಡಿದು ಸುತ್ತುತ್ತಾನಂತೆ. ಹೋದ ವರ್ಷ ಒಬ್ಬರು ಕಾರ್ಡನ್ನು ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಸುತ್ತಿಟ್ಟಿದ್ದರು. ಮತ್ತೊಬ್ಬರು ಆ ಕಾರ್ಡನ್ನೇ ಕತ್ತರಿಸಿ ಹಾಕಿದ್ದರು.

ಸ್ವಲ್ಪ ನಿಧಾನವಾಗಿ ಯೋಚಿಸೋಣ. ಆ ಮಿಷಿನ್ ಸುಮ್ನೆ ಸಿಗುವ ವಸ್ತುವಲ್ಲ. ಅಂಗಡಿಯವನ ಹೆಸರು, ಗುರುತಿನ ದಾಖಲೆ, ಬ್ಯಾಂಕ್ ಖಾತೆ ಎಲ್ಲ ನೋಡಿ ಕೊಡುತ್ತಾರೆ. ಅದರಲ್ಲಿ ಬಿದ್ದ ದುಡ್ಡು ಕಳ್ಳನ ಕೈಗೆ ನೋಟಾಗಿ ಬರುವುದಿಲ್ಲ, ಅದೇ ಖಾತೆಗೆ ಹೋಗುತ್ತದೆ. ಕದಿಯುವವನು ತನ್ನ ಹೆಸರು ವಿಳಾಸ ಬರೆದಿಟ್ಟು ಕದ್ದ ಹಾಗೆ! ನಾಲ್ಕು ದೂರು ಬಂದರೆ ಖಾತೆಗೆ ಬೀಗ ಬೀಳುತ್ತದೆ.

ಇನ್ನು ಎಷ್ಟು ಹತ್ತಿರ ತರಬೇಕು ಎನ್ನುವುದು. ಕಾರ್ಡು ಮಿಷಿನ್ನಿಗೆ ಸುಮಾರು 4 ಸೆಂಟಿಮೀಟರ್ ಒಳಗೆ ಬಂದರೆ ಮಾತ್ರ ಮಾತುಕತೆ ಶುರು. ಅಂಗಡಿಯಲ್ಲಿ ನೀವೇ ಕೈಯಾರೆ ಇಟ್ಟರೂ ಕೆಲವು ಸಲ 'ಇನ್ನೊಂದು ಸಲ ಇಡಿ' ಅನ್ನುತ್ತಾರೆ, ಅಲ್ವಾ? ಅಂಥದ್ದು ಪರ್ಸಿನೊಳಗೆ, ಪರ್ಸು ಜೇಬಿನೊಳಗೆ, ಮೇಲೊಂದು ಜರ್ಕಿನ್. ಪರ್ಸಿನಲ್ಲಿ ಎರಡು ಮೂರು ಟ್ಯಾಪ್ ಕಾರ್ಡ್ ಒಟ್ಟಿಗಿದ್ದರೆ ಮಿಷಿನ್ನಿಗೆ ಯಾವುದನ್ನು ಓದಬೇಕು ಎಂದೇ ತಿಳಿಯದೆ ನಿಂತುಬಿಡುವುದು ಜಾಸ್ತಿ.

ಇಷ್ಟೆಲ್ಲ ಸಾಲದಿದ್ದರೆ ಇನ್ನೊಂದು ಕೇಳಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ಟ್ಯಾಪ್ ಸೌಲಭ್ಯ ಆಫ್ ಆಗಿಯೇ ಬರುತ್ತದೆ. ನೀವೇ ಆನ್ ಮಾಡಬೇಕು. ಬೇಡವಾದರೆ ಬ್ಯಾಂಕಿನ ಆ್ಯಪ್‌ನಲ್ಲೋ ಎಟಿಎಂನಲ್ಲೋ ಆಫ್ ಮಾಡಿ, ಇಲ್ಲವೇ ಮಿತಿಯನ್ನು 500 ರೂಪಾಯಿಗೆ ಇಳಿಸಿ. ಪಿನ್ ಇಲ್ಲದೆ ಒಂದು ಸಲಕ್ಕೆ ಹೋಗಬಹುದಾದದ್ದು ಹೆಚ್ಚೆಂದರೆ 5,000 ರೂಪಾಯಿ. 2021ರ ಜನವರಿ 1ರಿಂದ ಇದೇ ಮಿತಿ, ಅದಕ್ಕೂ ಮೊದಲು 2,000 ಇತ್ತು.

ನಿಜವಾದ ಭಯ ಬೇರೆ ಇದೆ. ಕಾರ್ಡೇ ಕಳೆದುಹೋದರೆ, ಸಿಕ್ಕವನು ಅಂಗಡಿ ಅಂಗಡಿಯಲ್ಲಿ ಟ್ಯಾಪ್ ಮಾಡಬಹುದು. ಆಗ ಒಂದು ಗಂಟೆ ತಡ ಮಾಡಿದರೂ ನಷ್ಟ. ತಕ್ಷಣ ಬ್ಲಾಕ್ ಮಾಡಿಸಿ.

ಈಗ ದುಡ್ಡು ತುಂಬಿಕೊಡುವ ವಿಷಯ. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನಿಮಗೆ ಉತ್ತರ ಕೊಡಬೇಕಾದ್ದು ನಿಮ್ಮ ಬ್ಯಾಂಕ್. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದನ್ನು ಚೆನ್ನಾಗಿಯೇ ಬಿಡಿಸಿ ಹೇಳಿದೆ. ತಪ್ಪು ಬ್ಯಾಂಕಿನದಾದರೆ ನಿಮ್ಮ ಮೇಲೆ ಒಂದು ಪೈಸೆಯೂ ಇಲ್ಲ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವನ ಕೈವಾಡ ಎಂದಾದರೆ, ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೂ ಪೂರ್ತಿ ದುಡ್ಡು ವಾಪಸ್. ನಾಲ್ಕರಿಂದ ಏಳನೇ ದಿನದೊಳಗೆ ಹೇಳಿದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿವರೆಗೆ ಹೊರಬೇಕಾಗಬಹುದು. ಏಳು ದಿನ ದಾಟಿದರೆ ಆ ಬ್ಯಾಂಕಿನ ನಿಯಮ ಏನಿದೆಯೋ ಅದು. ಮೆಸೇಜ್ ಕೈಗೆ ಸಿಕ್ಕ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಪ್ಪು ನಿಮ್ಮದೇ ಎನ್ನುವುದಾದರೆ ಅದನ್ನು ರುಜುವಾತು ಮಾಡಬೇಕಾದ ಹೊಣೆ ಬ್ಯಾಂಕಿನದು.

ಪಿನ್ ಬೇರೆಯವರಿಗೆ ಹೇಳಿದ್ದರೆ ಮಾತ್ರ ಕಥೆ ಬೇರೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ನಮ್ಮಲ್ಲಿ ಇದು ಬಹಳ ನಡೆಯುತ್ತದೆ. ತೋಟದಿಂದ ಪೇಟೆಗೆ ಹೊರಟ ಡ್ರೈವರ್ ಕೈಗೆ ಕಾರ್ಡು ಕೊಟ್ಟು ನಂಬರ್ ಹೇಳಿ ಕಳಿಸುವುದು, ಪೆಟ್ರೋಲ್ ಬಂಕಿನಲ್ಲಿ ಕಾರಿನೊಳಗೆ ಕೂತೇ ಪಿನ್ ಕೂಗಿ ಹೇಳುವುದು. ನನಗೆ ಪರಿಚಯದ ವಯಸ್ಸಾದ ಒಬ್ಬ ಅಮ್ಮ ಹೀಗೇ ದುಡ್ಡು ಕಳೆದುಕೊಂಡು, 'ತಪ್ಪು ನನ್ನದೇ ಅಲ್ವಾ' ಎಂದು ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಅದೇ ಕಾರ್ಡಿನಿಂದ ಇನ್ನೂ ಎರಡು ಸಲ ಹೋಗಿತ್ತು. ಮೊದಲನೇ ದಿನವೇ ಬ್ಯಾಂಕಿಗೆ ಹೇಳಿದ್ದರೆ ಆಮೇಲಿನ ಎರಡೂ ಉಳಿಯುತ್ತಿದ್ದವು. ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಹೇಳುವುದು ಎಲ್ಲಿ? ಮೊದಲು ಬ್ಯಾಂಕಿನ ಸಹಾಯವಾಣಿ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಹಾಗೇ ಸೈಬರ್ ವಂಚನೆಯ ದೂರು ತೆಗೆದುಕೊಳ್ಳುವ ಸರ್ಕಾರಿ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ತೀರ್ಮಾನಿಸಬೇಕು. ಮೂವತ್ತು ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಮಿಷಿನ್ ಕಳ್ಳನಿಗಿಂತ ಮಳೆಯಿಂದ ಸಿಕ್ಕಿಹಾಕಿಕೊಳ್ಳುವ ದುಡ್ಡೇ ಜಾಸ್ತಿ ಎಂದು ನನಗನ್ನಿಸುತ್ತದೆ. ಜುಲೈ ತಿಂಗಳು, ಕರೆಂಟಿಲ್ಲ, ಟವರ್ ಇದೆಯೋ ಇಲ್ಲವೋ. ಅಂಗಡಿಯವರು ನೆಟ್‌ವರ್ಕ್ ಹುಡುಕಿಕೊಂಡು ಮಿಷಿನ್ ಹಿಡಿದು ಜಗಲಿಗೆ ಬರುತ್ತಾರೆ. ನಿಮ್ಮ ಫೋನಿಗೆ ದುಡ್ಡು ಕಡಿತವಾದ ಮೆಸೇಜ್ ಬರುತ್ತದೆ, ಅವರ ಮಿಷಿನ್ನಿನಲ್ಲಿ 'ಫೇಲ್' ಎಂದು ಚೀಟಿ ಬರುತ್ತದೆ. ಇಬ್ಬರದೂ ತಪ್ಪಲ್ಲ. ನೀವು ಮತ್ತೆ ನಗದು ಕೊಟ್ಟು ಬರುತ್ತೀರಿ. ಹೀಗೆ ಕಡಿತವಾದ ದುಡ್ಡು ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಬರದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. ಇದು 2019ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ. ಎಷ್ಟೋ ಜನ ಕೇಳುವುದೇ ಇಲ್ಲ. ಆ ಫೇಲ್ ಚೀಟಿಯನ್ನು ಎಸೆಯಬೇಡಿ, ಒದ್ದೆಯಾದರೆ ಅಕ್ಷರ ಅಳಿಸಿಹೋಗುತ್ತದೆ. ಅಂಗಡಿಯಲ್ಲೇ ಅದರದ್ದೊಂದು ಫೋಟೊ ತೆಗೆದುಕೊಳ್ಳಿ.