ಹುರುಪೆ ನೋಡಿ ನೆಂಟಸ್ತನ ಹೇಳಬೇಡಿ

ಮೈಸೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಮೊಸಳೆ ಮೂತಿಯ ಮೀನೊಂದನ್ನು ನೀವು ನೋಡಿರಬಹುದು. ಅದು ಅಲಿಗೇಟರ್ ಗಾರ್, ಅಮೆರಿಕದ್ದು. ಪಕ್ಕದ ತೊಟ್ಟಿಯಲ್ಲಿ ಕೆಲವೊಮ್ಮೆ ಆಫ್ರಿಕಾದ ಬಿಚಿರ್ ಇರುತ್ತದೆ. ಎರಡಕ್ಕೂ ಮೈತುಂಬ ಗಟ್ಟಿಯಾದ, ಹೊಳೆಯುವ, ವಜ್ರಾಕಾರದ ಹುರುಪೆ. ಇವೆರಡೂ ಅಣ್ಣತಮ್ಮಂದಿರು ಅಂತ ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಬರೆಯುತ್ತಾರೆ.

ಅವರನ್ನು ಬೈದು ಪ್ರಯೋಜನವಿಲ್ಲ. 1833ರಿಂದ 1843ರವರೆಗೆ ಪಳೆಯುಳಿಕೆ ಮೀನುಗಳ ಸಂಪುಟಗಳನ್ನು ಹೊರತಂದ ಲೂಯಿ ಅಗಾಸಿ ಕೂಡ ಹುರುಪೆ ನೋಡಿಯೇ ಮೀನುಗಳನ್ನು ನಾಲ್ಕು ಗುಂಪು ಮಾಡಿದ್ದ. ಕಲ್ಲಿನಲ್ಲಿ ತಲೆ ಜಜ್ಜಿಹೋಗಿದ್ದರೂ ದಪ್ಪ ಹುರುಪೆ ನೆಟ್ಟಗೆ ಉಳಿದಿರುತ್ತದೆ. ಗೋದಾವರಿ ಕಣಿವೆಯ ಕೋಟಾ ಪದರಗಳ ಜುರಾಸಿಕ್ ಮೀನುಗಳಲ್ಲೂ ಮೊದಲು ಕಣ್ಣಿಗೆ ಬೀಳುವುದು ಅದೇ. (ಮಂಡ್ಯದ ಬಂಡೆಗಳಲ್ಲಿ ಸುಮ್ನೆ ಹುಡುಕಬೇಡಿ. ಅವು ಮೀನು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನವು.)

ಆದರೆ ಆ ಹುರುಪೆ ಅಜ್ಜನ ಕಾಲದ ಆಸ್ತಿ. ಮೊಮ್ಮಕ್ಕಳಿಗೆಲ್ಲ ಪಾಲು ಬಂದಿದ್ದರೆ, ಯಾರು ಒಡಹುಟ್ಟಿದವರು, ಯಾರು ದೊಡ್ಡಪ್ಪನ ಮಕ್ಕಳು ಅಂತ ಜಮೀನು ನೋಡಿ ಹೇಳೋಕಾಗುತ್ತಾ? ಸುಮಾರು 39 ಕೋಟಿ ವರ್ಷ ಹಿಂದಿನ ಸ್ಕಾಟ್ಲೆಂಡಿನ ಪಳೆಯುಳಿಕೆ ಮೀನು ಕೈರೋಲೆಪಿಸ್‌ಗೂ ಗ್ಯಾನೋಯಿನ್ ಎಂಬ ಹೊಳಪಿನ ಲೇಪದ ಹುರುಪೆಯೇ ಇತ್ತು. ನೆಂಟಸ್ತನ ಹೇಳಲು ಒಂದು ಕವಲಿನಲ್ಲಿ ಮಾತ್ರ ಹೊಸದಾಗಿ ಬಂದ ಗುಣ ಬೇಕು.

ಹುರುಪೆಯನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಬಿಚಿರ್‌ನಲ್ಲಿ ಮೇಲೆ ಗಾಜಿನಂಥ ಗ್ಯಾನೋಯಿನ್, ಅದರಡಿ ಹಲ್ಲಿನಲ್ಲಿರುವ ಡೆಂಟಿನ್, ತಳದಲ್ಲಿ ಮೂಳೆ. ಗಾರ್‌ನಲ್ಲಿ ಡೆಂಟಿನ್ ಇಲ್ಲವೇ ಇಲ್ಲ. ಗ್ಯಾನೋಯಿನ್ ನೇರವಾಗಿ ಮೂಳೆಯ ಮೇಲೆ ಕೂತಿದೆ.

ಗಾರ್‌ನ ನಿಜವಾದ ಒಡಹುಟ್ಟು ಬೋಫಿನ್ ಎಂಬ ಅಮೆರಿಕದ ಸಿಹಿನೀರಿನ ಮೀನು. ಅದರ ಹುರುಪೆಯೋ ತೆಳು, ದುಂಡು, ಹೆಚ್ಚುಕಡಿಮೆ ಕಾಟ್ಲಾದ ಹಾಗೆ! ಬೋಫಿನ್ ಕಾಟ್ಲಾ ಕಡೆಯದು, ಗಾರ್ ದೂರದ್ದು ಅಂತ ಬಹಳ ಕಾಲ ವಾದ ನಡೆಯಿತು. 2010ರಲ್ಲಿ ಮೀನು ವಿಜ್ಞಾನಿ ಲ್ಯಾನ್ಸ್ ಗ್ರಾಂಡೆ ಗಾರ್‌ಗಳ ಮೂಳೆಗಳನ್ನು ಒಂದೊಂದಾಗಿ ಹೋಲಿಸಿ, ಎರಡೂ ಒಂದೇ ಕವಲು ಎಂದು ತೋರಿಸಿದರು. ಆ ಕವಲಿನ ಪಕ್ಕದ್ದೇ ಕಾಟ್ಲಾ, ರೋಹುಗಳಿರುವ ಟೀಲಿಯಾಸ್ಟ್ ಕವಲು. ಅಂದರೆ ಗಾರ್‌ಗೆ ಬಿಚಿರ್‌ಗಿಂತ ನಮ್ಮ ಕಾಟ್ಲಾನೇ ಹತ್ತಿರ.

ಇನ್ನು ಎಲ್ಲಿಡಬೇಕೆಂದು ತಿಳಿಯದ ಹಳೆಯ ಮೀನುಗಳನ್ನೆಲ್ಲ ಪೇಲಿಯೋನಿಸಿಫಾರ್ಮಿಸ್ ಎಂಬ ಹೆಸರಿನಡಿ ತುರುಕಿದ್ದರು. ನನ್ನ ಪ್ರಕಾರ ಅದು ಗುಂಪಲ್ಲ, ಗೋದಾಮು. ಈಗ ಕಲ್ಲು ಒಡೆಯದೆ ಸಿಟಿ ಸ್ಕ್ಯಾನ್‌ನಲ್ಲಿ ಮಿದುಳುಗೂಡಿನ ಒಳಗೇ ನೋಡಬಹುದು. ಚೀನಾದ ಟ್ರಯಾಸಿಕ್ ಮೀನು ಫುಕಾಂಗಿಕ್ತಿಸ್ ಬಿಚಿರ್ ಕಡೆಯದು ಅಂತ 2017ರಲ್ಲಿ ಗೊತ್ತಾಗಿದ್ದು ಹಾಗೆಯೇ. ಅದರಿಂದ ಇಂದಿನ ಕಿರಣ ರೆಕ್ಕೆ ಮೀನುಗಳು (ಬಿಚಿರ್, ಗಾರ್, ಕಾಟ್ಲಾ ಎಲ್ಲ ಸೇರಿದ ದೊಡ್ಡ ಗುಂಪು) ಕವಲೊಡೆದ ಕಾಲವೂ ಈಚೆಗೆ ಸರಿದು, ಸುಮಾರು 36 ಕೋಟಿ ವರ್ಷ ಹಿಂದಿನ ಕಾರ್ಬೊನಿಫೆರಸ್ ಯುಗದ ಆರಂಭದ ಹತ್ತಿರಕ್ಕೆ ಬಂತು.